ಜಿಪುಣ ಹುಳಿ

ಉಣ್ಣೆಗೆ ಬಣ್ಣ ಹಾಕುವ ಆ ಕೋಣೆಯಲ್ಲಿ ಇಬ್ಬರಿಗಾಗುವಷ್ಟು ಎಲ್ಲವೂ ಇತ್ತು. ಎರಡು ರಬ್ಬರ್ ಏಪ್ರನ್, ಎರಡು ಸ್ಟೂಲು. ಅಣ್ಣ ಒಂದು ಸಂಜೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿ ಮುಗಿಸಿ, ಬೇರೆ ಊರಿನ ಕಾರ್ಖಾನೆ ಸೇರಿದ್ದ. ತಂಗಿ ಅವತ್ತು ತುಟಿ ಬಿಚ್ಚಿರಲಿಲ್ಲ. ಈಗ ಫೋನ್ ಮಾಡಲು ಅವಳಿಗೆ ಕೆಲಸದ ನೆಪವೇ ಬೇಕು.

ಇವತ್ತು ನೆಪ ತಾನಾಗಿ ಬಂತು. ಉಣ್ಣೆಗೆ ಬಣ್ಣ ಹಿಡಿಯಲೆಂದು ನೀರಿಗೆ ಬೆರೆಸುವ ವಿನೆಗರ್ ಮುಗಿದಿತ್ತು. ಹುಳಿ ಯಾವುದಾದರೇನು ಎಂದುಕೊಂಡು, ಹಂಡೆಯ ಕರೆ ತೆಗೆಯಲು ಇಟ್ಟಿದ್ದ ಹೈಡ್ರೋಕ್ಲೋರಿಕ್ ಆಮ್ಲವನ್ನು ವಿನೆಗರ್ ಅಳೆಯುವ ಲೋಟದಲ್ಲೇ ಅಳೆದು ನೀರಿಗೆ ಸುರಿದಳು. ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದ ಅದ್ದಿದರೆ ಕಡುಗೆಂಪು. ಐದರ ಹತ್ತಿರ ಇರಬೇಕಾದದ್ದು ಎರಡಕ್ಕಿಂತ ಕೆಳಗಿಳಿದಿತ್ತು.

"ಉಣ್ಣೆ ಇಳಿಸಿದ್ಯಾ?" ಅಣ್ಣ ಫೋನಿನಲ್ಲಿ ಕೇಳಿದ.

"ಇಲ್ಲ. ಬಣ್ಣಾನೂ ಹಾಕಿಲ್ಲ."

"ಬದುಕಿದೆ. ವಿನೆಗರ್ ಜಿಪುಣ ಕಣೇ. ಹುಳೀನೆಲ್ಲ ಗಂಟು ಕಟ್ಟಿಟ್ಕೊಂಡು ಚೂರು ಚೂರೇ ಬಿಡುತ್ತೆ. ಇದು ಹಾಗಲ್ಲ. ನೀರಿಗೆ ಬಿದ್ದ ತಕ್ಷಣ ಇದ್ದಬದ್ದದ್ದೆಲ್ಲ ಕಕ್ಕಿಬಿಡುತ್ತೆ."

"ಗೊತ್ತು ಅಂಥೋರು."

ಅವನು ಮಾತನ್ನು ಹಂಡೆಯ ಕಡೆಗೆ ತಿರುಗಿಸಿದ. "ಅಡುಗೆ ಸೋಡಾ ಚಮಚ ಚಮಚವಾಗಿ ಹಾಕು. ಕಾಸ್ಟಿಕ್ ಸೋಡಾ ಮುಟ್ಟಬೇಡ. ಅದೂ ಇದರಂಥದ್ದೇ, ಕೈ ತಪ್ಪಿದ್ರೆ ಒಂದೇ ನೆಗೆತಕ್ಕೆ ಕ್ಷಾರದ ಕಡೆ ಹೋಗಿ ಉಣ್ಣೆನೇ ತಿನ್ನುತ್ತೆ."

ಸೋಡಾ ಬಿದ್ದಾಗಲೆಲ್ಲ ನೀರು ಬುಸ್ಸೆಂದು ನೊರೆಯುಗುಳಿತು. ಪ್ರತಿ ಸಲವೂ ಅವನು "ಈಗ?" ಎನ್ನುತ್ತಿದ್ದ, ಅವಳು "ಕೆಂಪು" ಎನ್ನುತ್ತಿದ್ದಳು. ಹಿಂದೆ ಪಕ್ಕದ ಸ್ಟೂಲಿನಿಂದ ಕೇಳುತ್ತಿದ್ದ ದನಿಯೇ ಅದು. ಕೊನೆಗೆ ಕಾಗದ ಕಿತ್ತಳೆಗೆ ತಿರುಗಿತು. ಸರಿಯಾಗಿ ಐದು. ಹೇಳಿದರೆ ಅವನು "ಸರಿ" ಎಂದು ಫೋನ್ ಇಡುತ್ತಾನೆ.

"ಈಗ?"

"ಇನ್ನೂ ಕೆಂಪೇ."

"ಮತ್ತೊಂದು ಚಮಚ ಹಾಕು."

ಅವಳು ಖಾಲಿ ಚಮಚವನ್ನು ಹಂಡೆಯ ಅಂಚಿಗೆ ಟಣ್ಣೆನಿಸಿದಳು.

"ನೊರೆ ಬಂತಾ?"

"ಇಲ್ಲ," ಎಂದಳು ಯೋಚಿಸದೆ.

"ಕೆಂಪು ತೋರಿಸೋ ನೀರಿಗೆ ಸೋಡಾ ಬಿದ್ದು ನೊರೆ ಬರಲಿಲ್ವಾ?"

ಅವಳು ಚಮಚ ಕೆಳಗಿಟ್ಟಳು. ಹಂಡೆಯ ಕೆಳಗೆ ಗ್ಯಾಸ್ ಒಲೆ ಸಣ್ಣಗೆ ಉರಿಯುತ್ತಿತ್ತು. ಆ ತುದಿಯಲ್ಲಿ ಅವನು ಕುರ್ಚಿ ಎಳೆದುಕೊಂಡ ಸದ್ದು.

"ಕಾಗದ ಹಳೇದಿರಬೇಕು," ಎಂದ. "ಬೇರೆ ಹುಡುಕು. ನಿಧಾನಕ್ಕೆ ಹುಡುಕು, ನಾನು ಇಡಲ್ಲ."

ಕೈಯಲ್ಲೇ ಇದ್ದ ಕಾಗದದ ಕಟ್ಟನ್ನು ಅವಳು ಒಂದೊಂದೇ ಡ್ರಾಯರ್ ತೆರೆದು ಹುಡುಕತೊಡಗಿದಳು.