ಹಾಲು ಕುಡಿಸುವ ತೆಕ್ಬರ್

"ಇನ್ನೂ ಇಬ್ಬರು ಬನ್ರಪ್ಪಾ, ಏಳ್ತಿಲ್ಲ!" ಎಂದು ಅಂಗಳದಿಂದ ಕೂಗು ಬಂತು. ಆರು ಜನ ಹಿಡಿದರೂ ತೆಕ್ಬರಳ ಶವದ ಮಂಚ ಮೊಣಕಾಲಿನ ಮಟ್ಟ ದಾಟಿರಲಿಲ್ಲ. ಮರಳುಗಾಡಿನ ಬೂತಿಲಿಮಿತ್ ಊರಿನ ಗಂಡಸರೆಲ್ಲ ಕಡ್ಡಿ ಪೈಲ್ವಾನರು. ದಪ್ಪವಾಗುವ ಕಷ್ಟವನ್ನು ಹೆಂಗಸರಿಗೇ ಬಿಟ್ಟುಕೊಟ್ಟು ತಾವು ಚಹಾ ಹೀರುತ್ತ ಆರಾಮಾಗಿದ್ದವರು.

ಗುಡಾರದೊಳಗೆ ಮಗಳು ಸಲ್ಕಾ ಮಾತು ಹುಡುಕುತ್ತಿದ್ದಳು. ಶವ ಹೊರಡುವ ಮೊದಲು ಹೆಂಗಸರ ಮುಂದೆ ನಿಂತು ಸತ್ತವಳ ಪರವಾಗಿ ಕ್ಷಮೆ ಕೇಳುವುದು ಅವಳ ಪಾಲಿನ ಕೆಲಸ. ಕೇಳುವುದಾದರೂ ಯಾರನ್ನು? ಮದುವೆಯ ಹೊತ್ತಿಗೆ ಮೈತುಂಬಿರಬೇಕೆಂದು ಎಂಟು ವರ್ಷಕ್ಕೇ ತಾಯಂದಿರು ತಂದುಬಿಟ್ಟ ಹುಡುಗಿಯರಿಗೆ ನಲವತ್ತು ವರ್ಷ ಒಂಟೆಹಾಲು ಕುಡಿಸಿದವಳು ತೆಕ್ಬರ್. ಕುಡಿಯದವರ ಕಾಲ್ಬೆರಳನ್ನು ಎರಡು ಕೋಲುಗಳ ನಡುವೆ ಅದುಮುವುದು ವಾಡಿಕೆ. ಆ ಹುಡುಗಿಯರೇ ಇಂದು ದೊಡ್ಡ ಹೆಂಗಸರಾಗಿ ಎದುರಿಗೆ ಕೂತಿದ್ದರು.

"ನಮ್ಮಮ್ಮ ಯಾರಿಗಾದ್ರೂ ನೋವು ಮಾಡಿದ್ರೆ ಮನಸ್ಸಿಂದ ಬಿಟ್ಟುಬಿಡಿ," ಎಂದಳು ಸಲ್ಕಾ.

ಸಣಕಲು ಮೈಯ ಮೇಷ್ಟರಮ್ಮ ಲೆಮ್ನಾ ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕನೆ ನಕ್ಕಳು.

"ನಗ್ತೀಯಲ್ಲಕ್ಕಾ! ನೀನು ಕಿರುಚಿದ್ದು ಈ ಕಿವಿಯಾರೆ ಕೇಳಿದೀನಿ," ಎಂದಳು ಪಕ್ಕದಲ್ಲಿದ್ದವಳು.

"ಕಿರುಚದೇ ಇದ್ರೆ ಬೈತಿದ್ಲಲ್ಲೇ!"

*

ಅಂದು ಎಂಟು ವರ್ಷದ ಲೆಮ್ನಾಳ ಎದುರಿಗೆ ಅವಳ ತಲೆಗಿಂತ ದೊಡ್ಡ ಹಾಲಿನ ಬಟ್ಟಲು. ಹೊರಗೆ ಅವಳ ತಾಯಿ ಕಿವಿಗೊಟ್ಟು ನಿಂತಿದ್ದಳು. ತೆಕ್ಬರ್ ಕೋಲು ಎತ್ತಿ ತನ್ನ ದಿಂಬಿಗೆ ಬಾರಿಸಿದಳು.

"ಕಿರುಚು," ಎಂದು ಪಿಸುಗುಟ್ಟಿದಳು. "ಥೂ, ಇದೇನು ಬೆಕ್ಕಿನ ಮರಿ ಹಾಗೆ! ಜೋರಾಗಿ!"

ಲೆಮ್ನಾ ಕಿರುಚಿದಳು. ತೆಕ್ಬರ್ ಬಟ್ಟಲೆತ್ತಿ ಗಟಗಟ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡಳು.

"ಯಾರಿಗೂ ಹೇಳ್ಬೇಡ. ಇಡೀ ಊರಲ್ಲಿ ನಿನಗೊಬ್ಬಳಿಗೇ ಹೀಗೆ."

ತಾಯಿ ನೋಡಲು ಬಂದಾಗಲೆಲ್ಲ, ದಪ್ಪ ಕಾಣಲೆಂದು, ಹುಡುಗಿಯ ಮೇಲುಡುಗೆಯೊಳಗೆ ಮೂರು ಸುತ್ತು ಬಟ್ಟೆ ಇರುತ್ತಿತ್ತು.

*

"ನಿನಗೊಬ್ಬಳಿಗಾ?" ಬಟ್ಟೆ ವ್ಯಾಪಾರದ ತೂತೂ ಎಂಬಾಕೆ ಎದ್ದು ಕೂತಳು. "ನನಗೂ ಹಾಗೇ ಹೇಳಿದ್ಲು, ಕಳ್ಳಿ!"

"ನನಗೂ!" "ಅಯ್ಯೋ, ನನಗೂ ಕಣೇ!" ಎಂದು ಮೂಲೆಮೂಲೆಯಿಂದ ದನಿಯೆದ್ದಿತು.

"ಮತ್ತೆ ತೂತೂ, ನೀನ್ಯಾಕೆ ಈ ಗಾತ್ರ?" ಎಂದಳು ಲೆಮ್ನಾ.

"ನನಗೆ ಹಾಲು ಇಷ್ಟ! ಇನ್ನಷ್ಟು ಕೊಡು ಅಂದ್ರೆ, 'ನನಗೂ ಸ್ವಲ್ಪ ಬಿಡೇ' ಅಂತ ಜಗಳಕ್ಕೆ ಬರ್ತಿದ್ಲು."

ಗುಡಾರವೇ ನಕ್ಕಿತು. ಸಲ್ಕಾ ನಗುತ್ತಲೇ ಅತ್ತಳು. ಮೊಣಕಾಲು ಸೋತು ಮಲಗಿದ ಅಮ್ಮನಿಗೆ 'ಬಾಯಿ ಕಟ್ಟಬಾರದಾ?' ಎಂದು ಗದರಿದ್ದು ಒಂದೆರಡು ಸಲವಲ್ಲ. ಎಷ್ಟು ಮಕ್ಕಳ ಪಾಲಿನ ಹಾಲು ಆ ಒಂದು ಮೈಯಲ್ಲಿ ಸೇರಿತ್ತೋ! ಅಮ್ಮನ ಬಗ್ಗೆ ಅವಳಿಗೆ ಉಕ್ಕಿ ಬಂದ ಹೆಮ್ಮೆಗೆ ಅಳತೆಯಿರಲಿಲ್ಲ.

"ಬಿಟ್ವಮ್ಮಾ, ಎಲ್ಲಾ ಬಿಟ್ವಿ," ಎಂದರು ಹೆಂಗಸರು.

ಒಬ್ಬಳು ಮಾತ್ರ ಸುಮ್ಮನಿದ್ದಳು, ಲೆಮ್ನಾಳ ಮುದಿ ತಾಯಿ. ಮಗಳಿಗಾಗಿ ತೆಕ್ಬರಳ ಅಂಗಳದಲ್ಲಿ ಹಾಲಿನ ಒಂಟೆ ಕಟ್ಟಿಸಿ ಮೋಸಹೋದವಳು ಅವಳೇ ಅಲ್ಲವೇ?

"ಅಜ್ಜೀ, ನೀವು?" ಎಂದಳು ಸಲ್ಕಾ.

ಮುದುಕಿ ತನ್ನ ಮಗಳು ಲೆಮ್ನಾಳ ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನ್ನು ನೋಡುವ ಧೈರ್ಯ ಅವಳಿಗಾಗಿರಲಿಲ್ಲ. ಕಿರುಬೆರಳಿನವರೆಗೂ ಒಂದು ಗಾಯದ ಗುರುತೂ ಸಿಗದ ಮೇಲೆ ಬೊಚ್ಚುಬಾಯಿ ಅರಳಿಸಿ, "ಎಲ್ಲಿ, ಆ ಕಾಲೂ ಕೊಡು," ಎಂದಳು.