ಕೂಸಿಗೆ ಮುಂಚೆ ಕುಲಾವಿ

ಅನಂತಲಕ್ಷ್ಮಿಯವರ ಹೆಸರಿನಲ್ಲಿ ಒಂದು ಅಣು ಇದೆ ಎಂಬ ಸುದ್ದಿ ಬಸವೇಶ್ವರನಗರದ ಆ ರಸ್ತೆಯ ತುದಿಯ ಹೂವಿನವಳವರೆಗೂ ಮುಟ್ಟಿತ್ತು. ಮುಟ್ಟಿಸಿದವರು ಸ್ವತಃ ಅನಂತಲಕ್ಷ್ಮಿಯವರೇ. ಅಣು ಎಂದರೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಿದ್ದರು.

ತಪ್ಪೆಲ್ಲ ಮೊಮ್ಮಗಳು ದೀಪ್ತಿಯದು. ಸೂಕ್ಷ್ಮಜೀವಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಅವಳು ಅಜ್ಜಿಯ ತುಳಸಿ ಕುಂಡದಿಂದ ಒಂದು ಚಮಚ ಮಣ್ಣು ಒಯ್ದು, ಅದರಲ್ಲಿದ್ದ ಒಂದು ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದಳು. ತಟ್ಟೆಯ ಇನ್ನೊಂದು ಬದಿಗೆ ಗಿಡದ ಬೇರು ಕೊಳೆಸುವ ಶಿಲೀಂಧ್ರವನ್ನು ಬಿಟ್ಟಳು. ಹತ್ತಿಯ ಹಾಗೆ ಬೆಳ್ಳಗೆ ಹಬ್ಬುತ್ತಾ ಬಂದ ಶಿಲೀಂಧ್ರ, ಬ್ಯಾಕ್ಟೀರಿಯಾ ಇನ್ನೂ ಒಂದು ಬೆರಳು ದೂರವಿರುವಾಗಲೇ ಗಕ್ಕನೆ ನಿಂತುಬಿಟ್ಟಿತು. ನಡುವೆ ಬರೀ ಖಾಲಿ ಜಾಗ. ಏನೂ ಇಲ್ಲದಿದ್ದರೆ ನಿಂತದ್ದೇಕೆ? ಬ್ಯಾಕ್ಟೀರಿಯಾ ಏನನ್ನೋ ತಯಾರಿಸಿ ಅಲ್ಲಿಗೆ ಬಿಟ್ಟಿರಬೇಕು. ಅದೇನು ಎಂದು ಯೋಚಿಸುತ್ತಾ, ವಿಜಯನಗರದಲ್ಲಿ ಮೆಟ್ರೋ ಇಳಿಯಬೇಕಾದವಳು ಮೆಜೆಸ್ಟಿಕ್‌ವರೆಗೂ ಹೋಗಿ ವಾಪಸ್ ಬಂದಳು.

ಅಣುಗಳ ತೂಕ ನೋಡುವ ಯಂತ್ರಕ್ಕೆ ಬ್ಯಾಕ್ಟೀರಿಯಾದ ಸಾರ ಹಾಕಿದಾಗ ಪರದೆಯ ಮೇಲೆ ಎತ್ತರದ ಒಂದು ಗೆರೆ ಎದ್ದಿತು. ಶಿಲೀಂಧ್ರದ ಸಾರದಲ್ಲಿ ಆ ಗೆರೆ ಇರಲಿಲ್ಲ. ಸೂಕ್ಷ್ಮಜೀವಿಗಳು ತಯಾರಿಸುವ ಅಣುಗಳ ಪಟ್ಟಿಯಲ್ಲಿ ಎಷ್ಟು ತಡಕಿದರೂ ಅಂಥದ್ದು ಸಿಗಲಿಲ್ಲ. ಅಂದರೆ ಹೊಸದು! ಅಂದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಅಜ್ಜಿ, ನಿನ್ ಕುಂಡದ್ದು, ನಿನ್ ಹೆಸರೇ ಇಡ್ತೀನಿ. ಅನಂತಿನ್!" ಎಂದುಬಿಟ್ಟಳು.

ಇದನ್ನು ವಿಭಾಗದ ಎಲ್ಲರೆದುರು ಹೇಳುವ ಮುಂಚೆ ಒಂದು ಸಣ್ಣ ಶಾಸ್ತ್ರ ಬಾಕಿ ಇತ್ತು. ಬ್ಯಾಕ್ಟೀರಿಯಾವೂ ಇಲ್ಲ, ಶಿಲೀಂಧ್ರವೂ ಇಲ್ಲ, ಸಾರ ತೆಗೆಯಲು ಬಳಸಿದ ದ್ರಾವಕವನ್ನಷ್ಟೇ, ಬ್ಯಾಕ್ಟೀರಿಯಾದ ಸಾರ ಇಟ್ಟಂಥದೇ ಟ್ಯೂಬಿನಲ್ಲಿಟ್ಟು ಯಂತ್ರಕ್ಕೆ ಹಾಕಬೇಕು. ಪರದೆ ಖಾಲಿ ಬರುತ್ತದೆ, ಮುಗಿಯುತ್ತದೆ ಎಂದುಕೊಂಡು ಹಾಕಿದಳು. ಪರದೆಯ ಮೇಲೆ ಅನಂತಿನ್ ಎದ್ದು ನಿಂತಿತು. ಅಷ್ಟೇ ತೂಕ, ಅಷ್ಟೇ ಎತ್ತರ.

ದೀಪ್ತಿ ಟ್ಯೂಬನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದಳು. ಶಿಲೀಂಧ್ರದ ಸಾರವನ್ನು ಹಳೆಯ ಗಾಜಿನ ಶೀಶೆಯಲ್ಲಿಟ್ಟಿದ್ದಳು. ಶೀಶೆ ಮುಗಿದಿದ್ದರಿಂದ ಬ್ಯಾಕ್ಟೀರಿಯಾದ್ದು ಹೊಸ ಪ್ಲಾಸ್ಟಿಕ್ ಟ್ಯೂಬಿಗೆ ಹೋಗಿತ್ತು. ದ್ರಾವಕ ಪ್ಲಾಸ್ಟಿಕ್ಕನ್ನೇ ಚೂರು ಕರಗಿಸಿಕೊಂಡಿತ್ತು. ಸೂಕ್ಷ್ಮಜೀವಿಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಎಲ್ಲಿಂದ ಸಿಗಬೇಕು? ಯಾರೂ ನೋಡಿಲ್ಲ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಸುಳಿಯಿತು. ಸುಳಿದದ್ದಕ್ಕೇ ನಾಚಿಕೆಯಾಗಿ ನೇರವಾಗಿ ಗೈಡ್ ಪುರುಷೋತ್ತಮ ಸರ್ ಕೋಣೆಗೆ ಹೋದಳು.

"ಸದ್ಯ, ಈಗಲೇ ಗೊತ್ತಾಯ್ತಲ್ಲಮ್ಮ. ಸೆಮಿನಾರ್ ಮುಂದಕ್ಕೆ ಹಾಕೋಣ," ಎಂದರು ಅವರು.

ಸರ್‌ಗೆ ಹೇಳಿದ್ದಾಯಿತು. ಅಜ್ಜಿಗೆ ಹೇಳುವುದು ಹೇಗೆ? ಅಜ್ಜಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು.

"ಅಜ್ಜಿ, ಅದು ಪ್ಲಾಸ್ಟಿಕ್ ಅಂತೆ."

"ಯಾವ್ದೇ?"

"ಅನಂತಿನ್."

ಅಜ್ಜಿಯ ಕೈ ನಿಂತಿತು. "ಉಪ್ಪಿನಕಾಯಿನೇ ನಾನು ಪ್ಲಾಸ್ಟಿಕ್ ಡಬ್ಬಿಗೆ ಹಾಕಲ್ಲ. ನನ್ ಹೆಸ್ರು ತಗೊಂಡ್ಹೋಗಿ ಪ್ಲಾಸ್ಟಿಕ್‌ಗೇ ಇಟ್ಯಲ್ಲೇ!"

ನಗಲು ಹೋಗಿ ದೀಪ್ತಿ ಅತ್ತೇಬಿಟ್ಟಳು.

"ಅಳ್ಬೇಡ ಸುಮ್ನಿರು. ಪಕ್ಕದ್ಮನೆ ಕಮಲಾಕ್ಷಮ್ಮ ಆಡ್ಕೋತಾಳೆ, ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸಿದ್ರು ಅಂತ. ಹೊಲಿಸಿದ್ದು ನೀನು, ಬೀದಿಗೆಲ್ಲಾ ತೋರಿಸ್ಕೊಂಡು ಬಂದಿದ್ದು ನಾನು." ಅಜ್ಜಿ ಇನ್ನೆರಡು ಹುರುಳಿಕಾಯಿ ಮುರಿದರು. "ಅದಿರ್ಲಿ, ಆ ಬೂಷ್ಟು ನಿಂತಿದ್ದೂ ಸುಳ್ಳಾ?"

"ಇಲ್ಲ, ಅದು ನಿಜ. ಆ ತಟ್ಟೆ ಗಾಜಿಂದು. ಟ್ಯೂಬ್ ಮುಟ್ಟೇ ಇಲ್ಲ."

"ಮತ್ತೆ ಯಾಕ್ ನಿಂತ್ಕೊಳ್ತು?"

ದೀಪ್ತಿ ಕಣ್ಣೊರೆಸಿಕೊಂಡು ಅಜ್ಜಿಯನ್ನೇ ನೋಡಿದಳು. ಅದು ಅವಳದೇ ಪ್ರಶ್ನೆ. ಹೆಸರಿಟ್ಟ ದಿನದಿಂದ ಅದನ್ನು ಮರೆತೇಬಿಟ್ಟಿದ್ದಳು.

ಈ ಸಲ ಶೀಶೆ, ಮುಚ್ಚಳ ಎಲ್ಲವೂ ಗಾಜಿನವು. ಬ್ಯಾಕ್ಟೀರಿಯಾವನ್ನು ಒಂಟಿಯಾಗಿ ಬೆಳೆಸಿ ಸಾರ ತೆಗೆಯುವುದರ ಜೊತೆಗೆ, ಎರಡೂ ಎದುರುಬದುರಾಗಿ ನಿಂತ ತಟ್ಟೆಯಿಂದ ಆ ಖಾಲಿ ಜಾಗವನ್ನೇ ಕತ್ತರಿಸಿ ತೆಗೆದಳು. ಮೊದಲು ಬರೀ ದ್ರಾವಕ ಹಾಕಿದಳು, ಏನೂ ಇಲ್ಲ. ಬ್ಯಾಕ್ಟೀರಿಯಾ ಒಂದೇ, ಏನೂ ಇಲ್ಲ. ಶಿಲೀಂಧ್ರ ಒಂದೇ, ಅದೂ ಇಲ್ಲ. ಕೊನೆಗೆ ಖಾಲಿ ಜಾಗದ ಸಾರ ಹಾಕಿದಳು. ಒಂದು ಪುಟ್ಟ ಗೆರೆ ಎದ್ದಿತು, ಹಳೆಯ ಗೆರೆಯ ಮುಂದೆ ಸಾಸಿವೆ ಕಾಳಿನಷ್ಟು. ನಂಬದೆ ಮತ್ತೆ ಹಾಕಿದಳು. ಮತ್ತೆ ಅಲ್ಲೇ ಇತ್ತು. ಎದುರಾಳಿ ಮೇಲೆ ಬಿದ್ದು ಬಂದಾಗ ಮಾತ್ರ ಬಾಯಿ ಬಿಡುವ ಪೈಕಿ ಅಜ್ಜಿಯ ಕುಂಡದ ಈ ಜೀವಿ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು, ಅದರ ಹಿಂದೆಯೇ ಭಯವೂ ಆಯಿತು.

ಅಣುಗಳ ಪಟ್ಟಿಯನ್ನು ಈ ಸಲ ತೆರೆಯಲೇ ಇಲ್ಲ. ಮೊದಲು ಫೋನ್ ತೆಗೆದಳು.

"ಅಜ್ಜಿ, ಏನೋ ಒಂದಿದೆ. ಏನು ಅಂತ ಇನ್ನೂ ಗೊತ್ತಿಲ್ಲ. ಯಾರಿಗೂ ಹೇಳ್ಬೇಡ. ಹೆಸರಂತೂ ಕೇಳ್ಲೇಬೇಡ."



"ಕೇಳಲ್ಲ ಬಿಡು," ಎಂದರು ಅಜ್ಜಿ. "ಗಂಡೋ ಹೆಣ್ಣೋ, ಅಷ್ಟಾದ್ರೂ ಹೇಳೇ."