ಕೂಗದೆ ಹೋದವಳು

ಸೆವೆರ್ನ್ ಹೊಳೆಯಂಚಿನ ಆ ಊರಲ್ಲಿ ಹೆಣವನ್ನು ಮೊದಲು ಕಂಡವರ ಕಥೆ ಮುಗಿದಂತೆಯೇ. ಕೂಗಿ ಊರು ಸೇರಿಸಬೇಕು, ಜಾಮೀನು ಹುಡುಕಬೇಕು, ಕೆಲಸ ಬಿಟ್ಟು ವಿಚಾರಣೆಗೆ ಅಲೆಯಬೇಕು, ಕೊನೆಗೆ 'ನೀನೇ ಕೊಂದೆ' ಅನ್ನಿಸಿಕೊಳ್ಳಲೂಬೇಕು. ಹಾಳಾದ ಕಾನೂನು! ಅದಕ್ಕೇ ಹಾವಿಸ್, ನಸುಕಿನ ಮಂಜಿನಲ್ಲಿ ಹಾಲು ಕರೆದುಕೊಂಡು ಬರುವಾಗ ಹಳ್ಳದಲ್ಲಿ ಯಾರೋ ಬೋರಲು ಬಿದ್ದದ್ದು ಕಂಡರೂ ಕಾಣದವಳಂತೆ ಸರಸರ ನಡೆದುಬಿಟ್ಟಳು. ಗಾಬರಿಗೆ ಹಾಲು ತುಳುಕಿ ದಾರಿಗೂ ಲಂಗದಂಚಿಗೂ ಚೆಲ್ಲಿತು.

ಹೊತ್ತೇರಿದ ಮೇಲೆ ಕುರಿ ಕಾಯುವ ಮುದುಕ ಹ್ಯಾಮೋ ಹೆಣ ಕಂಡು ಕೂಗಿದ. ಅದು ಹಾವಿಸ್‌ಳ ಒಬ್ಬನೇ ಮಗ ಐವೋ. ರಾತ್ರಿ ಹೆಂಡದಂಗಡಿಯಲ್ಲೇ ಮಲಗಿರಬೇಕು ಅಂದುಕೊಂಡಿದ್ದಳು ಪಾಪ.

ಕೊಲೆಯ ವಿಚಾರಣೆಗೆಂದು ರಾಜ ನೇಮಿಸಿದ್ದ ಸರ್ ಫುಲ್ಕ್, ಹೆಣ ಬಿದ್ದಿದ್ದ ಜಾಗ ನೋಡಿಕೊಂಡೇ, ಅದನ್ನು ತಂದಿರಿಸಿದ್ದ ಚರ್ಚಿನ ಜಗುಲಿಗೆ ಬಂದರು. ಊರವರೆದುರು ಹೆಣದ ಬಟ್ಟೆ ಬಿಚ್ಚಿಸಿದರು. ತೊಡೆಯ ಗಾಯದಿಂದ ಚಾಕುವಿನ ಮುರಿದ ತುದಿ ಕಿತ್ತು ತೆಗೆದು, "ಎಲ್ರೂ ನಿಮ್ಮ ನಿಮ್ಮ ಚಾಕು ತೋರಿಸ್ರಪ್ಪಾ" ಅಂದರು.

ಗಾಡಿ ಹೊಡೆಯುವ ಡ್ರೋಗೋ ತುದಿ ಮುರಿದ ಚಾಕು ಕೆಳಗೆ ಹಾಕಿದ. "ಕುಡ್ದಿದ್ದೆ ಧಣಿ. ಹೆದರ್ಸೋಣ ಅಂತ ಚುಚ್ಚಿದ್ದಷ್ಟೇ. ಸಾಯ್ತಾನೆ ಅಂದ್ಕೊಂಡಿರ್ಲಿಲ್ಲ!"

"ಅಂದ್ಕೊಳ್ಳೋಕೆ ನಿನ್ ತಲೇಲಿ ಏನಾದ್ರೂ ಇರ್ಬೇಕಲ್ಲೋ!" ಗುಂಪಿನಿಂದ ಯಾರೋ ಅರಚಿದರು.

ಊರೆಲ್ಲ ಅವನ ಮೇಲೆ ಮುಗಿಬಿತ್ತು. ಹಾವಿಸ್ ಅತ್ತ ತಿರುಗಿಯೂ ನೋಡಲಿಲ್ಲ. ಕೊಂದವನು ಯಾರಾದರೇನು? ತಾನು ಹಾದುಹೋಗುವಾಗ ಮಗ ಸತ್ತಿದ್ದ ಅನ್ನುವ ಮಾತೊಂದು ಸಾಕಿತ್ತು ಅವಳಿಗೆ. ದೇವರೇ, ರಾತ್ರಿಯೇ ಸತ್ತಿರಲಿ! ಯಾವ ತಾಯಿ ಹೀಗೆ ಬೇಡಿಕೊಂಡಾಳು, ಹೇಳಿ?

"ಧಣಿ, ಚುಚ್ಚಿದ ಕೂಡ್ಲೇ ಹೋಗ್ಬಿಟ್ನಾ ನನ್ ಕಂದ?"

ಸರ್ ಫುಲ್ಕ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳ ಲಂಗದಂಚಿನಲ್ಲಿ ಒಣಗಿದ್ದ ಹಾಲಿನ ಕಲೆ ಕಣ್ಣಿಗೆ ಬಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಅವಳ ಮುಖ ನೋಡದೆ ಹೇಳಿದರು.

"ಹೂಂ ಕಣಮ್ಮಾ. ರಾತ್ರೀನೇ. ನರಳಲಿಲ್ಲ."

ಹಾವಿಸ್‌ಗೆ ಹೋದ ಉಸಿರು ಬಂದಂತಾಯಿತು. ಮಗನ ಪಕ್ಕ ಕೂತು, ಒದ್ದೆ ಬಟ್ಟೆಯಲ್ಲಿ ಅವನ ಮುಖ ಒರೆಸತೊಡಗಿದಳು.

ಹ್ಯಾಮೋ ಹತ್ತಿರ ಬಂದು, ಸಮಾಧಾನಕ್ಕೆಂದು ಹೆಗಲ ಮೇಲೆ ಕೈಯಿಟ್ಟ. "ಅಳ್ಬೇಡ ತಾಯಿ. ಹಳ್ಳದ ಕೆಸರಲ್ಲೇನೂ ಬಿದ್ದಿರ್ಲಿಲ್ಲ ನಿನ್ ಮಗ. ದಾರಿ ಮೇಲೆ ಹಾಲು ಚೆಲ್ಲಿತ್ತಲ್ಲ, ಅಲ್ಲಿದ್ದ. ನಿಮ್ಮನೆ ಕಡೆಗೇ ಕೈ ಚಾಚಿದ್ದ."

ಒರೆಸುತ್ತಿದ್ದ ಕೈ ನಿಂತಿತು. ಅವಳು ಮಗನ ಮೊಣಕಾಲುಗಳನ್ನು ನೋಡಿದಳು. ಎರಡರಲ್ಲೂ ಹಳ್ಳದ ಕೆಸರು ಮೆತ್ತಿಕೊಂಡಿತ್ತು.

ಆಗ ಕೂಗಿದಳು ಹಾವಿಸ್. "ಬನ್ರೋ! ಯಾರಾದ್ರೂ ಓಡಿ ಬನ್ರೋ! ಇಲ್ಲೊಬ್ಬ ಬಿದ್ದಿದಾನೆ!" ಊರೆಲ್ಲ ಅಲ್ಲೇ ನಿಂತಿತ್ತು. ಆದರೂ ಗಂಟಲು ಹರಿಯುವವರೆಗೂ ಕೂಗುತ್ತಲೇ ಇದ್ದಳು.